ಎಲ್ಲರೂ ಇಳೀರಿ ಅಂದ ಆ ದಿನ

ಮೂರು ವರ್ಷದ ಹಿಂದಿನ ಮಾತು. ನಮ್ಮ ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಕೆರೆಗಳೆಲ್ಲ ಒಂದರ ಹಿಂದೊಂದು ಕೋಡಿ ಬಿದ್ದ ಮಳೆಗಾಲ ಅದು. ಎಷ್ಟೋ ವರ್ಷದಿಂದ ಒಣಗಿ ನಿಂತಿದ್ದ ಕೆರೆಗಳಲ್ಲಿ ನೀರು ಕಂಡು ಮೊದಮೊದಲು ಎಲ್ಲರಿಗೂ ಖುಷಿಯೋ ಖುಷಿ. ಬಾಗಿನ ಬಿಡುವುದೇನು, ಕೋಡಿ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದೇನು! ಆಮೇಲೆ ನೀರು ರಸ್ತೆಗೆ ಬಂತು, ಲೇಔಟ್‌ಗಳಿಗೆ ನುಗ್ಗಿತು. ಖುಷಿಯೆಲ್ಲ ಅಲ್ಲಿಗೆ ಮುಗಿಯಿತು. ಅಂಥ ದಿನಗಳಲ್ಲೇ ನನ್ನ ಮಗಳು ಕಾವ್ಯಳ ಮದುವೆ ನಡೆಯಿತು. ಮದುವೆಯ ದಿನ ದೇವರ ದಯೆ, ಒಂದು ಹನಿ ಬೀಳಲಿಲ್ಲ. ಉಳಿಸಿಟ್ಟುಕೊಂಡಿದ್ದನ್ನೆಲ್ಲ ಆ ಮಳೆ ಬೀಗರೂಟದ ದಿನಕ್ಕೆ ಸುರಿಯಿತು.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನನ್ನ ಹೆಸರು ಭಾಗ್ಯ. ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಮೂವತ್ತೆರಡು ಹುಡುಗಿಯರ ಲೈನು ನನ್ನ ಕೈಕೆಳಗಿದೆ. ಬೆಳಗಿನಿಂದ ಸಂಜೆಯವರೆಗೆ ಅದು ಹಂಗಲ್ಲ, ಹಿಂಗೆ ಎಂದು ಹೇಳೀ ಹೇಳೀ ನನ್ನ ಬಾಯಿಗೆ ಸುಮ್ಮನಿರುವುದೇ ಮರೆತುಹೋಗಿದೆ. ಮನೆಯಲ್ಲೂ ಅದೇ ಕಥೆ. ಯಾರು ಎಲ್ಲಿ ಕೂರಬೇಕು, ಯಾವ ಪಾತ್ರೆ ಎಲ್ಲಿರಬೇಕು, ಎಲ್ಲ ನಾನೇ ಹೇಳಬೇಕು. ಇದು ಒಳ್ಳೆಯ ಗುಣ ಎಂದೇ ಆವತ್ತಿನವರೆಗೂ ಅಂದುಕೊಂಡಿದ್ದೆ.

ಬೀಗರೂಟ ಇಟ್ಟುಕೊಂಡಿದ್ದವರು ಗಂಡಿನ ಕಡೆಯವರು. ಅರಿಶಿನಕುಂಟೆ ದಾಟಿ ಸ್ವಲ್ಪ ಮುಂದೆ, ಅವರ ಮನೆ ಹತ್ತಿರದ ಒಂದು ಹಾಲ್‌ನಲ್ಲಿ ಬಾಡೂಟ. ಹೆಣ್ಣಿನ ಕಡೆಯವರು ಬಂದು ಕೂರದೆ ಎಲೆಗೆ ಏನೂ ಬಡಿಸುವ ಹಾಗಿಲ್ಲ, ಅದು ನಮ್ಮಲ್ಲಿ ಮರ್ಯಾದೆ. ನನ್ನ ಯಜಮಾನರು ಮತ್ತು ಮೈದುನ ಬೆಳಿಗ್ಗೆ ಎಂಟಕ್ಕೇ ಬೈಕಿನಲ್ಲಿ ಹೋಗಿದ್ದರು. ಹೆಂಗಸರಿಗೆಂದು ನಮ್ಮ ಬೀದಿಯ ನಾಗೇಶನ ವ್ಯಾನು ಹೇಳಿದ್ದೆವು. ವಾರವೆಲ್ಲ ಸ್ಕೂಲ್ ಮಕ್ಕಳನ್ನು ಬಿಟ್ಟು ಬರುವ ವ್ಯಾನು ಅದು, ಆವತ್ತು ಭಾನುವಾರ. ನಾನು, ನನ್ನ ಓರಗಿತ್ತಿ ಮಂಜುಳ, ಬೀದಿಯ ಮೂವರು ಹೆಂಗಸರು, ಮತ್ತೆ ನಮ್ಮತ್ತೆ ಪುಟ್ಟತಾಯಮ್ಮ. ಹಿಂದುಗಡೆ ಎರಡು ಮೂಟೆ ತೆಂಗಿನಕಾಯಿ. ಬಂದವರಿಗೆ ಕೊಡುವ ತಾಂಬೂಲದ ಕಾಯಿ ನಮ್ಮದು ಎಂದು ಬೀಗರ ಹತ್ತಿರ ಒಪ್ಪಿಕೊಂಡಿದ್ದೆವು.

ಅತ್ತೆಗೆ ಎಪ್ಪತ್ತೊಂದು ವರ್ಷ. ಬಲಗಾಲಿನ ಮಂಡಿ ಆಪರೇಷನ್ ಆಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಕಾಲು ಮಡಿಸುವ ಹಾಗಿಲ್ಲ, ವಾಕರ್ ಇಲ್ಲದೆ ನಾಲ್ಕು ಹೆಜ್ಜೆ ಇಡುವ ಹಾಗಿಲ್ಲ. ಮನೆಯಲ್ಲೇ ಇರಿ ಎಂದರೆ, "ನನ್ ಮೊಮ್ಮಗಳ ಬೀಗರೂಟಕ್ಕೆ ನಾನಿಲ್ದೆ ಹೆಂಗೇ?" ಎಂದು ಬೆಳಿಗ್ಗೆ ಆರಕ್ಕೇ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಅವರನ್ನು ಮಧ್ಯದ ಸೀಟಿನಲ್ಲಿ, ಎಡಗಡೆ ಬಾಗಿಲ ಪಕ್ಕ ಕೂರಿಸಿ, ಎದುರು ಸೀಟಿನ ಮೇಲೆ ದಿಂಬಿಟ್ಟು ಕಾಲು ನೀಡಿಸಿದೆವು.

ಹತ್ತೂವರೆಗೆ ಹೊರಟೆವು. ಮಳೆ ನಿಂತಿತ್ತು, ಆದರೆ ಮೋಡ ಹೋಗಿರಲಿಲ್ಲ. ನೆಲಮಂಗಲದ ಹತ್ತಿರ ಬಂದರೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಮುಂದೆ ಎಲ್ಲೋ ನೀರು ನಿಂತಿದೆ ಎಂದು ಯಾರೋ ಹೇಳಿದರು. ಅರ್ಧ ಗಂಟೆಯಲ್ಲಿ ಅರ್ಧ ಕಿಲೋಮೀಟರ್ ಸರಿದಿರಬಹುದು, ಅಷ್ಟೇ. ಕೊನೆಗೆ ನಾಗೇಶ ಎಡಕ್ಕೆ ತಿರುಗಿಸಿ, ಹೊಸ ಲೇಔಟ್‌ಗಳ ನಡುವಿನ ಒಳರಸ್ತೆ ಹಿಡಿದ. ಐದು ನಿಮಿಷ ಆರಾಮಾಗಿ ಹೋದೆವು. ಆಮೇಲೆ ರಸ್ತೆ ತಗ್ಗಿಗೆ ಇಳಿಯುವಲ್ಲಿ ಜನ ಗುಂಪಾಗಿ ನಿಂತಿದ್ದು ಕಂಡಿತು.

ಎಡಗಡೆ ಒಂದು ಕೆರೆ ಕೋಡಿ ಬಿದ್ದು ನೀರು ರಸ್ತೆಯ ಮೇಲೇ ಹರಿಯುತ್ತಿತ್ತು. ರಸ್ತೆ ದಾಟಿ ಬಲಗಡೆಯ ರಾಜಕಾಲುವೆಗೆ ಬೀಳುತ್ತಿತ್ತು. ಕಾಲುವೆಗೆ ತಡೆಗೋಡೆ ಇಲ್ಲ, ಏನಿಲ್ಲ. ಅಂಚಿನಲ್ಲಿ ಒಂದೇ ಒಂದು ಹೊಂಗೆ ಮರ. ನೀರು ಎಷ್ಟು ಆಳ ಇದೆ ಎಂದು ಕೇಳಿದೆ. ಅಲ್ಲಿದ್ದವರೊಬ್ಬರು ಮಂಡಿ ಮುಟ್ಟಿ ತೋರಿಸಿದರು, ಇನ್ನೊಬ್ಬರು ತೊಡೆ ಮುಟ್ಟಿ ತೋರಿಸಿದರು. ಹರಿವಿನ ಅಗಲ ಮೂರು ನಾಲ್ಕು ಬಸ್ಸಿನ ಉದ್ದ ಇತ್ತು. ನಾವು ನೋಡುತ್ತಿದ್ದ ಹಾಗೇ ಜನ ತುಂಬಿದ ಬಸ್ಸೊಂದು ನೀರು ಸೀಳಿಕೊಂಡು ದಾಟಿತು. ಅದರ ಹಿಂದೆ ಇಟ್ಟಿಗೆ ಹೇರಿದ ಟ್ರ್ಯಾಕ್ಟರ್ ದಾಟಿತು.

"ಅಕ್ಕಾ, ಸ್ವಲ್ಪ ಹೊತ್ತು ನೋಡಾಣ ಇರಿ. ನೀರು ಎಳೀತೈತೆ" ಎಂದ ನಾಗೇಶ.

ಅಷ್ಟರಲ್ಲಿ ಕಾವ್ಯಳ ಫೋನ್. "ಅಮ್ಮಾ, ಎಲ್ಲಿದೀರಾ? ಎಲ್ಲಾರೂ ಕಾಯ್ತಾವ್ರೆ. ನಮ್ಮತ್ತೆ ಆಗ್ಲೇ ಎರಡು ಸಲ ಕೇಳಿದ್ರು" ಎಂದಳು. ಮದುವೆಯಾಗಿ ನಾಲ್ಕು ದಿನ. ಆ ಮನೆಯಲ್ಲಿ ಅವಳು ಇನ್ನೂ ನೀರಿನ ಲೋಟ ಎಲ್ಲಿದೆ ಎಂದು ಕೇಳುವ ಹೊಸ ಸೊಸೆ. ಹೆಣ್ಣಿನ ಕಡೆಯವರು ಕಾಯಿಸಿದರು ಎಂಬ ಮಾತು ಅವಳ ತಲೆಗೆ ಬರುವುದು ನನಗೆ ಬೇಡವಾಗಿತ್ತು. ನನ್ನ ತಲೆ ಬಿಸಿಯಾಯಿತು.

"ಏನಪ್ಪಾ ನಾಗೇಶ, ಅಷ್ಟು ದೊಡ್ಡ ಬಸ್ಸೇ ಹೋಯ್ತು, ಇಟ್ಟಿಗೆ ಟ್ರ್ಯಾಕ್ಟರ್ ಹೋಯ್ತು. ನಿನ್ನ ವ್ಯಾನ್ ಹೋಗಲ್ವಾ?"

"ಅವು ಭಾರದ ಗಾಡಿ ಅಕ್ಕ."

"ಅದನ್ನೇ ನಾನೂ ಹೇಳ್ತಿರೋದು! ಅಷ್ಟು ಭಾರದವೇ ಹೋದ್ವು ಅಂದ್ಮೇಲೆ, ಹಗುರ ಮಾಡಿದ್ರೆ ನಿಂದು ಹೂವಿನಂಗೆ ಹೋಗುತ್ತೆ. ಎಲ್ರೂ ಇಳೀರಿ! ಕಾಯಿ ಮೂಟೇನೂ ಇಳಿಸ್ರಿ!"

ಈ ಬುದ್ಧಿ ಎಲ್ಲಿಂದ ಬಂತು ಎಂದರೆ, ನಾನು ಹುಟ್ಟಿ ಬೆಳೆದದ್ದು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಕಡೆ. ನಮ್ಮಪ್ಪನ ಎತ್ತಿನ ಗಾಡಿ ಕೆಸರಿನಲ್ಲಿ ಹೂತುಕೊಂಡರೆ ನಾವು ಮಕ್ಕಳೆಲ್ಲ ಧುಮುಕಿ ಇಳಿಯುತ್ತಿದ್ದೆವು, ಹುಲ್ಲಿನ ಹೊರೆ ಇಳಿಸುತ್ತಿದ್ದೆವು, ಗಾಡಿ ಎದ್ದುಬಿಡುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೂ ಅದೇ. ಗಾಡಿಗೆ ಕಷ್ಟ ಬಂದರೆ ಜನ ಇಳಿಯಬೇಕು, ಇದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ರಕ್ತದಲ್ಲೇ ಇದ್ದದ್ದು. ಕೆಸರೇ ಬೇರೆ, ಹರಿಯುವ ನೀರೇ ಬೇರೆ ಎಂಬುದು ನಲವತ್ತೈದು ವರ್ಷವಾದರೂ ನನಗೆ ಹೊಳೆದಿರಲಿಲ್ಲ.

ಮಂಜುಳ, "ಹೈವೇಗೇ ವಾಪಸ್ ಹೋಗಾಣ ಅಕ್ಕ" ಎಂದಳು. ಅವಳು ಏನು ಹೇಳಿದರೂ ಅದಕ್ಕೆ ಉಲ್ಟಾ ಹೇಳುವುದು ನನಗೆ ಅಭ್ಯಾಸ. "ನೀನು ಸುಮ್ನಿರು" ಎಂದೆ. ಲೇಔಟ್ ಒಳಗಿಂದ ಸುತ್ತಿ ಹೋದರೆ ಕಾಲುವೆಗೆ ಒಂದು ಕಾಲುಸೇತುವೆ ಇದೆ, ನಡೆದು ಹೋಗುವವರಿಗೆ ತೊಂದರೆ ಇಲ್ಲ ಎಂದು ಜನ ಹೇಳಿದರು. ಸರಿ, ನಾವು ನಡೆದು ಬರುವುದು, ವ್ಯಾನು ಖಾಲಿಯಾಗಿ ದಾಟುವುದು, ಆ ಕಡೆ ಸೇರುವುದು. ಕಾಯಿ ಮೂಟೆಗಳನ್ನು ಹತ್ತಿರದ ಅಂಗಡಿ ಜಗಲಿಯ ಮೇಲೆ ಇಟ್ಟೆವು, ಆಮೇಲೆ ತೆಗೆದುಕೊಂಡು ಹೋದರಾಯಿತು ಎಂದು. ವ್ಯಾನಿನಲ್ಲಿ ಉಳಿದದ್ದು ನಾಗೇಶ ಮತ್ತು ನಡೆಯಲಾಗದ ನಮ್ಮತ್ತೆ.

"ಕಾಲು ಅಲ್ಲಾಡಿಸಬೇಡಿ ಅತ್ತೆ, ಎರಡು ನಿಮಿಷ ಅಷ್ಟೇ" ಎಂದು ಬಾಗಿಲು ಎಳೆದು ಹಾಕಿದೆ. ಗಾಜಿನ ಒಳಗಿಂದ ಅವರು, "ಹೂಂ ಹೋಗ್ರೇ, ಜೋಪಾನವಾಗಿ ಬನ್ನಿ. ಜಾರೀತು" ಎಂದರು. ನಮಗೆ ಜಾರೀತು ಎಂದು ಅವರಿಗೆ ಚಿಂತೆ.

ವ್ಯಾನು ನೀರಿಗೆ ಇಳಿಯಿತು. ಮೊದಲ ಹತ್ತು ಹೆಜ್ಜೆಯಷ್ಟು ದೂರ ಚೆನ್ನಾಗಿಯೇ ಹೋಯಿತು. ನೋಡಿದೆಯಾ ಎನ್ನುವ ಹಾಗೆ ಮಂಜುಳಳ ಕಡೆ ತಿರುಗಿದೆ. ತಿರುಗಿ ವ್ಯಾನಿನ ಕಡೆ ನೋಡುವಷ್ಟರಲ್ಲಿ ಅದರ ಹಿಂಭಾಗ ಪಕ್ಕಕ್ಕೆ ಸರಿಯುತ್ತಿತ್ತು. ಜೋರಾಗಿ ಅಲ್ಲ, ಯಾರೋ ಮೆಲ್ಲಗೆ ಕೈಯಲ್ಲಿ ತಳ್ಳಿದ ಹಾಗೆ. ಚಕ್ರ ತಿರುಗುತ್ತಲೇ ಇತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಬಲಕ್ಕೆ, ಕಾಲುವೆಯ ಕಡೆಗೆ ತೇಲಿಕೊಂಡು ಹೋಗುತ್ತಿತ್ತು.

"ಅಕ್ಕಾ! ಸ್ಟೀರಿಂಗ್ ತಿರುಗ್ತೈತೆ, ಗಾಡಿ ತಿರುಗ್ತಿಲ್ಲ!" ನಾಗೇಶ ಕಿಟಕಿಯಿಂದ ಕೂಗಿದ. ಅವನ ದನಿಯೇ ಬದಲಾಗಿತ್ತು. ಎಂಜಿನ್ ಎರಡು ಸಲ ಕೆಮ್ಮಿ ಆರಿಹೋಯಿತು. ಆಗ ಕೇಳಿಸಿದ್ದು ಬರೀ ನೀರಿನ ಸದ್ದು.

ಹಿಂಭಾಗ ಹೋಗಿ ಆ ಹೊಂಗೆ ಮರಕ್ಕೆ ಢಬ್ ಎಂದು ಬಡಿಯಿತು, ಅಲ್ಲೇ ನಿಂತಿತು. ಜನ ಅಬ್ಬಾ ಎಂದರು. ಆದರೆ ಮುಂಭಾಗ ನಿಂತಿರಲಿಲ್ಲ. ಮರಕ್ಕೆ ಬೆನ್ನು ಕೊಟ್ಟುಕೊಂಡು ವ್ಯಾನು ಇಂಚಿಂಚಾಗಿ ಸುತ್ತುತ್ತಿತ್ತು. ಮೂತಿ ಪೂರ್ತಿ ತಿರುಗಿದರೆ ಮರದಿಂದ ಬಿಡಿಸಿಕೊಂಡು ನೇರ ಕಾಲುವೆಗೆ ಬೀಳುತ್ತದೆ, ಅದು ನಮ್ಮಂಥವರಿಗೂ ಕಾಣುತ್ತಿತ್ತು. ಕಾಲುವೆಯಲ್ಲಿ ನೀರು ಕೆಂಪಗೆ, ಸುಳಿ ಸುಳಿಯಾಗಿ ಓಡುತ್ತಿತ್ತು. ನಾನು ಚಪ್ಪಲಿ ಬಿಟ್ಟು ನೀರಿಗೆ ನುಗ್ಗಿದೆ. ಮಂಜುಳ ನನ್ನ ಸೆರಗನ್ನೂ ಜಡೆಯನ್ನೂ ಒಟ್ಟಿಗೆ ಹಿಡಿದು ಎಳೆದಳು. "ಬಿಡೇ! ನಮ್ಮತ್ತೆ ಒಳಗವ್ರೆ ಬಿಡೇ!" ಎಂದು ಅವಳಿಗೆ ಎರಡೇಟು ಹೊಡೆದೆ. ಅವಳು ಬಿಡಲಿಲ್ಲ. ಆ ಜಡೆ ಹಿಡಿದದ್ದಕ್ಕೆ ನಾನು ಇವತ್ತಿಗೂ ಅವಳಿಗೆ ಋಣಿ.

ಸುತ್ತ ನೂರು ಜನ ಇದ್ದರು, ನೂರು ಮಾತು ಇತ್ತು. ಹಗ್ಗ ತನ್ನಿ ಎನ್ನುವವರು, ಜೇಸಿಬಿಗೆ ಫೋನ್ ಮಾಡಿ ಎನ್ನುವವರು, ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುವವರು. ಗಾಜಿನ ಹಿಂದೆ ಅತ್ತೆಯ ಮುಖ ಕಾಣುತ್ತಿತ್ತು. ಅವರು ಕಿರುಚಲಿಲ್ಲ. ಮೇಲಿನ ಹಿಡಿ ಹಿಡಿದುಕೊಂಡು ನಮ್ಮ ಕಡೆಯೇ ನೋಡುತ್ತಿದ್ದರು. ಅವರು ಕಿರುಚಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಆಗ ಹಿಂದಿನಿಂದ ಹಾರ್ನ್ ಕೇಳಿಸಿತು. ಸಾಲಿನಲ್ಲಿ ನಿಂತಿದ್ದ ಒಂದು ನೀರಿನ ಟ್ಯಾಂಕರ್ ಲಾರಿ ಪಕ್ಕಕ್ಕೆ ಬಂದು ಮುಂದೆ ಬರುತ್ತಿತ್ತು. ಊರೆಲ್ಲ ಮುಳುಗುತ್ತಿದ್ದರೂ ಲೇಔಟ್ ಮನೆಗಳಿಗೆ ಕುಡಿಯುವ ನೀರು ಟ್ಯಾಂಕರಿನಲ್ಲೇ ಹೋಗಬೇಕು, ನಮ್ಮ ಕಡೆಯ ಬಾಳು ಅದು. ಡ್ರೈವರಿಗೆ ಐವತ್ತರ ಹತ್ತಿರ ವಯಸ್ಸು, ತಲೆಗೆ ಟವೆಲ್ ಕಟ್ಟಿದ್ದರು. ಮುನಿರಾಜು ಎಂದು ಹೆಸರು, ಅದು ನನಗೆ ಗೊತ್ತಾದದ್ದು ಆಮೇಲೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, "ದಾರಿ ಬಿಡ್ರಪ್ಪಾ" ಎಂದರು.

"ಗುರು, ಮೊದ್ಲು ನೀರು ಬಿಟ್ಟು ಟ್ಯಾಂಕ್ ಖಾಲಿ ಮಾಡ್ಕೊ. ಈ ಭಾರಕ್ಕೆ ನೀನೂ ಸಿಕ್ಕಾಕೊಳ್ತೀಯ" ಎಂದು ಯಾರೋ ಕೂಗಿದರು. ನಾನೂ ಅಳುತ್ತಲೇ ಓಡಿಹೋಗಿ ಬಾಗಿಲು ಬಡಿದು, "ಒಳಗೆ ನಮ್ಮತ್ತೆ ಅವ್ರೆ, ಕಾಲು ಆಪರೇಷನ್ ಆಗೈತೆ! ಹೌದಣ್ಣ, ನೀರು ಬಿಟ್ಬಿಡಿ ಅಣ್ಣ! ಹಗುರ ಮಾಡ್ಕೊಂಡು ಹೋಗಿ!" ಎಂದೆ.

ಅವರು ನನ್ನನ್ನು ನೋಡಿದರು. ಒದ್ದೆ ಸೀರೆ, ಬಿಚ್ಚಿದ ಕೂದಲು. "ಹಗುರ ಮಾಡಿದ್ದಕ್ಕೇ ಅಲ್ವೇನಮ್ಮ ಅದು ಹಂಗೆ ತೇಲ್ತಿರೋದು? ಖಾಲಿ ಬಿಂದಿಗೆ ಬಾವಿಲಿ ಮುಳುಗ್ತದಾ? ಜನ ತುಂಬ್ಕೊಂಡಿದ್ರೆ ಚಕ್ರ ನೆಲ ಬಿಡ್ತಾ ಇರ್ಲಿಲ್ಲ. ಇಳಿಸ್ದೋರು ಯಾರು?" ಎಂದರು.

ಉತ್ತರಕ್ಕೆ ಕಾಯದೆ ಗೇರ್ ಹಾಕಿದರು. ತುಂಬಿದ ಟ್ಯಾಂಕರ್ ನಿಧಾನವಾಗಿ ನೀರಿಗೆ ಇಳಿಯಿತು. ಎಡಗಡೆಯಿಂದ, ನೀರು ಬರುವ ಬದಿಯಿಂದಲೇ ಹೋಗಿ, ವ್ಯಾನಿಗೂ ಕೆರೆಗೂ ನಡುವೆ ಅಡ್ಡ ನಿಂತಿತು. ಲಾರಿಯ ಚಕ್ರಗಳಿಗೆ ನೀರು ಬಡಿದು ಮೇಲಕ್ಕೆ ಚಿಮ್ಮಿತು. ಲಾರಿ ಅಲ್ಲಾಡಲಿಲ್ಲ. ವ್ಯಾನಿನ ಮೇಲೆ ಬೀಳುತ್ತಿದ್ದ ಸೆಳೆತ ಅರ್ಧಕ್ಕರ್ಧ ಕಡಿಮೆಯಾಯಿತು, ಆದರೂ ಅದರ ಮೂತಿ ಇನ್ನೂ ತೂಗಾಡುತ್ತಲೇ ಇತ್ತು.

ಮುನಿರಾಜು ಕ್ಯಾಬಿನ್ನಿನಿಂದ ಕೂಗಿದರು. "ಬಾಗ್ಲು ತೆಗೀರಿ! ಎಲ್ಲಾ ಬಾಗ್ಲೂ ತೆಗೀರಿ! ನೀರು ಒಳಗೆ ಬರ್ಲಿ, ಗಾಡಿ ಕೂತ್ಕೊಳ್ತದೆ!"

ನಾಗೇಶ ಅವನ ಪಕ್ಕದ ಬಾಗಿಲು ತೆಗೆದ. ಆದರೆ ಅತ್ತೆಯ ಪಕ್ಕದ ದೊಡ್ಡ ಬಾಗಿಲು ಅವನಿಗೆ ಎಟುಕುವುದಿಲ್ಲ. ಸೀಟು ಹತ್ತಿ ಹಿಂದೆ ಹೋಗೋಣ ಎಂದರೆ ಅವನು ಅಲುಗಾಡಿದ ಕೂಡಲೇ ವ್ಯಾನು ಓಲಾಡುತ್ತಿತ್ತು. ಅದನ್ನು ಅತ್ತೆಯೇ ತೆಗೆಯಬೇಕು. ಅವರು ತಲೆ ಅಡ್ಡ ಆಡಿಸಿದರು. ಆಡಿಸದೆ ಇನ್ನೇನು? ಹೊರಗೆ ಅಷ್ಟು ನೀರು, ನಡುವೆ ಇರುವುದು ಆ ಒಂದು ಬಾಗಿಲು. ಅದನ್ನು ತೆಗೆ ಎಂದು ಗುರುತಿಲ್ಲದ ಒಬ್ಬ ಲಾರಿಯವನು ಹೇಳುತ್ತಿದ್ದಾನೆ. ಅತ್ತೆ ಅವರನ್ನು ಬಿಟ್ಟು ನನ್ನನ್ನು ನೋಡಿದರು.

ಒಂದು ಸಲ ನನ್ನ ಮಾತು ಕೇಳಿ ಅವರು ಅಲ್ಲಿ ಕೂತಿದ್ದರು. ಈಗ ಇನ್ನೊಂದು ಸಲ ನಾನೇ ಹೇಳಬೇಕಿತ್ತು. ತಪ್ಪಾದರೆ? ಆ ಲಾರಿಯವರ ಲೆಕ್ಕ ಸರಿಯಿಲ್ಲದಿದ್ದರೆ? ಒಂದು ಕಡೆ ನೀರು ಒಳಗೆ ನುಗ್ಗಿ ವ್ಯಾನು ಮಗುಚಿಕೊಂಡರೆ? ಯೋಚಿಸಲು ನನಗೆ ಸಿಕ್ಕಿದ್ದು ಎರಡು ಉಸಿರಿನಷ್ಟು ಹೊತ್ತು. ಮರದ ತೊಗಟೆ ಕಿತ್ತು ಬರುವ ಕರಕರ ಸದ್ದು ಕೇಳುತ್ತಿತ್ತು.

"ಅತ್ತೇ! ಬಾಗ್ಲು ತೆಗೀರಿ! ನಾನು ಹೇಳ್ತಿದೀನಿ, ತೆಗೀರಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಅವರು ಎರಡನೇ ಸಲ ಯೋಚಿಸಲಿಲ್ಲ. ಎರಡೂ ಕೈಯಿಂದ ಹಿಡಿ ಹಿಡಿದು ಜಗ್ಗಿದರು. ಬಾಗಿಲು ಅರ್ಧ ಸರಿಯಿತು. ನೀರು ಭೋರೆಂದು ಒಳಗೆ ನುಗ್ಗಿತು. ಅತ್ತೆಯ ಸೀರೆ, ದಿಂಬು ಎಲ್ಲ ನೆನೆದಿದ್ದು ಕಂಡಿತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ವ್ಯಾನು ಕುಗ್ಗಿದ ಹಾಗೆ ಕಂಡಿತು. ನೆಲಕ್ಕೆ ಕೂತಿತ್ತು! ಓಲಾಟ ನಿಂತಿತ್ತು. ಒಳಗೆ ಮೊಣಕಾಲಿಗಿಂತ ಸ್ವಲ್ಪ ಕೆಳಗಿನವರೆಗೆ ನೀರು, ನೀರಿನ ನಡುವೆ ನೆಟ್ಟಗೆ ಕೂತ ನಮ್ಮತ್ತೆ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಮುನಿರಾಜು ಲಾರಿಯ ಹಗ್ಗವನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಟ್ಯಾಂಕರಿನ ಏಣಿಗೆ ಬಿಗಿದು ನೀರಿಗೆ ಇಳಿದರು. ವ್ಯಾನಿನವರೆಗೆ ಹೋಗಿ, "ಅಮ್ಮ, ನನ್ನ ಕುತ್ತಿಗೆ ಹಿಡ್ಕೊಳಿ. ಆಪರೇಷನ್ ಆಗಿರೋ ಕಾಲು ಯಾವ್ದು?" ಎಂದು ಕೇಳಿದರಂತೆ. ಆ ಹೊತ್ತಿನಲ್ಲಿ ಅದನ್ನು ಕೇಳಬೇಕು ಎಂದು ಅವರಿಗೆ ಹೊಳೆಯಿತಲ್ಲ! ನಾಗೇಶ ಹಿಂದಿನಿಂದ ಕಾಲು ಹಿಡಿದ. ಇಬ್ಬರೂ ಸೇರಿ ಅತ್ತೆಯನ್ನು ಮಗುವಿನ ಹಾಗೆ ಎತ್ತಿ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿದರು. ಹಿಂದಕ್ಕೆ ಬರುವ ಬದಲು ಲಾರಿ ಮುಂದಕ್ಕೇ ಹೋಗಿ ಆ ದಡ ಹತ್ತಿತು. ಜನ ಶಿಳ್ಳೆ ಹಾಕಿದರು. ನಾನು ರಸ್ತೆಯ ಮೇಲೆ ಕುಸಿದು ಕೂತು ಜೋರಾಗಿ ಅತ್ತುಬಿಟ್ಟೆ.

ಅತ್ತದ್ದು ಒಂದು ನಿಮಿಷ. ಆಮೇಲೆ ಬರಿಗಾಲಲ್ಲೇ ಲೇಔಟ್ ಸುತ್ತಿ ಕಾಲುಸೇತುವೆ ದಾಟಿ ಓಡಿದೆ, ಮಂಜುಳ ನನ್ನ ಹಿಂದೆ. ನಾವು ಮುಟ್ಟುವಷ್ಟರಲ್ಲಿ ನನ್ನ ಯಜಮಾನರು, ಮೈದುನ ಮತ್ತು ಬೀಗರ ಕಡೆಯ ನಾಲ್ಕು ಜನ ಗಂಡಸರು ಅಲ್ಲಿಗೆ ಬಂದಿದ್ದರು. ಆ ದಡದಲ್ಲಿ ವಿಡಿಯೋ ಮಾಡುತ್ತಿದ್ದವರಲ್ಲಿ ಒಬ್ಬ ಬೀಗರಿಗೆ ಗುರುತಿನವನಂತೆ, ಅವನೇ ಫೋನ್ ಮಾಡಿದ್ದ. ಅತ್ತೆಯನ್ನು ಒಂದು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಯಾರೋ ಟವೆಲ್ ಹೊದಿಸಿದ್ದರು. ಯಜಮಾನರ ಮುಖ ಕೆಂಪಗಾಗಿತ್ತು. ಅವರು ಸಿಟ್ಟು ಮಾಡಿಕೊಳ್ಳುವುದು ಅಪರೂಪ, ಮಾಡಿಕೊಂಡರೆ ಮಾತ್ರ ಎದುರಿಗೆ ಯಾರಿದ್ದಾರೆ ಎಂದು ನೋಡುವುದಿಲ್ಲ.

"ಕಾಲಿಲ್ಲದ ಮುದುಕೀನ ನೀರಲ್ಲಿ ಬಿಟ್ಟು ಎಲ್ಲಾರೂ ಇಳ್ಕೊಂಡ್ರಾ? ಯಾರು ಹೇಳಿದ್ದು ಇಳೀರಿ ಅಂತ? ಯಾವ ಬುದ್ಧಿವಂತರು ಹೇಳಿದ್ದು?" ಎಂದು ನಾಗೇಶನ ಕಾಲರ್ ಹಿಡಿದಿದ್ದರು. ನಾಗೇಶ ನನ್ನ ಕಡೆ ನೋಡಿದ, ತಲೆ ತಗ್ಗಿಸಿದ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ನಾನು ಎಂದು ಹೇಳಲು ಬಾಯಿ ತೆರೆದೆ. ದೇವರಾಣೆ ತೆರೆದೆ. ಆದರೆ ಅಷ್ಟರಲ್ಲಿ ಕುರ್ಚಿಯಿಂದ ದನಿ ಬಂತು.

"ನಾನೇ ಕಣ್ಲಾ ಹೇಳಿದ್ದು. ಬಿಡು ಅವನ್ನ. ಎಲ್ರೂ ಇಳೀರಿ, ಗಾಡಿ ಹಗುರಾಗ್ಲಿ ಅಂತ ನಾನೇ ಹಟ ಮಾಡ್ದೆ. ಭಾಗ್ಯ ಬ್ಯಾಡ ಬ್ಯಾಡ ಅಂದ್ಲು, ನಾನು ಕೇಳ್ಲಿಲ್ಲ."

ಯಜಮಾನರು ಕಾಲರ್ ಬಿಟ್ಟರು. "ನಿಂಗೇನಮ್ಮಾ ತಲೆ ಕೆಟ್ಟೈತಾ?" ಎಂದು ಅತ್ತೆಯನ್ನೇ ಬೈಯಲು ಶುರು ಮಾಡಿದರು. ಅತ್ತೆ ಎಲ್ಲ ಕೇಳಿಸಿಕೊಂಡು, "ಆಯ್ತು ಬುಡು, ಬದುಕಿದೀನಲ್ಲ. ಬೀಗ್ರು ಹಸ್ಕೊಂಡವ್ರೆ, ನಡಿ" ಎಂದರು. ಮಂಜುಳ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಮೇಲೆ ಚಾಡಿ ಹೇಳುವ ಅವಕಾಶವನ್ನು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಬಿಟ್ಟವಳಲ್ಲ. ಅವಳೂ ನೆಲ ನೋಡುತ್ತಾ ನಿಂತಳು.

ಮುನಿರಾಜು ಹೊರಡಲು ಲಾರಿ ಹತ್ತುತ್ತಿದ್ದರು. ನಾನು ಓಡಿಹೋಗಿ ಅವರ ಕಾಲಿಗೆ ಬಿದ್ದೆ. "ಅಯ್ಯೋ ಏಳಮ್ಮ, ಏನಿದು" ಎಂದು ಹಿಂದೆ ಸರಿದರು. ಊಟಕ್ಕೆ ಬನ್ನಿ ಎಂದು ಎಲ್ಲರೂ ಬಲವಂತ ಮಾಡಿದೆವು. ನಾಲ್ಕು ಮನೆಯವರು ನೀರಿಗೆ ಕಾಯುತ್ತಿದ್ದಾರೆ ಎಂದರು. ಹೋಗುವ ಮೊದಲು ಮೆಲ್ಲಗೆ ನನಗೊಬ್ಬಳಿಗೇ ಕೇಳುವ ಹಾಗೆ, "ಇನ್ನೊಂದ್ಸಲ ನೀರು ರಸ್ತೆ ಮೇಲೆ ಹರೀತಿದ್ರೆ ಭಾರನೂ ಬೇಡ, ಹಗುರನೂ ಬೇಡ. ಸುಮ್ನೆ ನಿಂತ್ಕೊಳ್ಳಿ ತಾಯಿ" ಎಂದರು. ಇಳಿಸಿದವರು ಯಾರು ಎಂಬುದು ಅವರಿಗೆ ಆಗಲೇ ಗೊತ್ತಾಗಿತ್ತು. ಆಮೇಲೆ ಎಷ್ಟೋ ಟ್ಯಾಂಕರ್‌ಗಳ ಡ್ರೈವರ್ ಸೀಟು ಬಗ್ಗಿ ನೋಡಿದ್ದೇನೆ, ಅವರು ಮತ್ತೆ ಸಿಗಲಿಲ್ಲ.

ಬೀಗರೂಟ ನಡೆಯಿತು. ಕಾವ್ಯಳ ಅತ್ತೆಯವರೇ ನಮ್ಮತ್ತೆಗೆ ತಮ್ಮ ಸೀರೆ ಉಡಿಸಿ, ಬಿಸಿ ಸಾರು ಕುಡಿಸಿದರು. ಕಾವ್ಯ ಅಜ್ಜಿಯನ್ನು ತಬ್ಬಿಕೊಂಡು ಬಿಡಲೇ ಇಲ್ಲ. ನನ್ನ ಎಲೆಯಲ್ಲಿ ಮುದ್ದೆ ಮುರಿದದ್ದು ಮುರಿದ ಹಾಗೇ ಉಳಿಯಿತು.

ನಾಲ್ಕೈದು ದಿನ ಬಿಟ್ಟು ಒಂದು ಮಧ್ಯಾಹ್ನ ಅತ್ತೆಯ ಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಾ ಕೇಳಿದೆ. "ಅತ್ತೆ, ಯಾಕೆ ಹಂಗಂದ್ರಿ? ತಪ್ಪು ನಂದಲ್ವಾ?"

"ನಿಂದೇ ಕಣೇ. ಅದರಲ್ಲಿ ಏನು ಅನುಮಾನ?" ಎಂದರು. ಕಾಲನ್ನು ಸ್ವಲ್ಪ ಸರಿಸಿಕೊಂಡು, "ಆವತ್ತು ಅವ್ನು ಬೀಗ್ರ ಮುಂದೆ ನಿನ್ನ ಬೈದಿದ್ರೆ, ಅತ್ತೇನ ನೀರಿಗೆ ಬಿಟ್ಟೋಳ ಮಗಳು ಅನ್ನೋ ಮಾತು ಕಾವ್ಯನ ಮನೇಲಿ ಉಳ್ಕೊಳ್ಳೋದು. ನಾಳೆ ಜಗಳ ಬಂದಾಗ ಅದೇ ಮಾತು ಹೊರಗೆ ಬರೋದು. ನನ್ನ ಬೈದ್ರೆ ಏನು, ಮುದುಕಿ ಅರಳು ಮರಳು ಅಂತ ಮರೀತಾರೆ" ಎಂದರು. ಅಷ್ಟು ಹೊತ್ತು ನೀರಿನಲ್ಲಿ ಪ್ರಾಣ ಕೈಯಲ್ಲಿ ಹಿಡಿದು ಕೂತಿದ್ದ ಹೆಂಗಸು, ದಡಕ್ಕೆ ಬಂದ ಮರುಗಳಿಗೆಯಲ್ಲಿ ಇಷ್ಟೆಲ್ಲ ಯೋಚನೆ ಮಾಡಿದ್ದರು. ನಾನು ಅವರ ಕಾಲ ಮೇಲೆ ತಲೆಯಿಟ್ಟೆ. "ಎದ್ದೇಳೇ, ನೋಯ್ತದೆ" ಎಂದರು.

ಅಲ್ಲಿಂದ ಮುಂದೆ ಆ ಕಥೆ ನಮ್ಮ ಮನೆಯಲ್ಲಿ ಅತ್ತೆಯ ಕಥೆಯಾಗಿಯೇ ಉಳಿಯಿತು. ಮಳೆ ಬಂದಾಗಲೆಲ್ಲ ಅತ್ತೆಯ ಗಂಡುಮಕ್ಕಳಿಬ್ಬರೂ, ಅಂದರೆ ನನ್ನ ಯಜಮಾನರು ಮತ್ತು ಮೈದುನ, ಅವರನ್ನು ರೇಗಿಸುತ್ತಾರೆ. "ಅಮ್ಮಾ, ಮಳೆ ಜೋರಾಗೈತೆ, ಎಲ್ರೂ ಇಳೀಬೇಕಾ?" ಎನ್ನುತ್ತಾರೆ. ಅತ್ತೆ ನಗುತ್ತಾರೆ. ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ.

ಹೋದ ವರ್ಷ ಕಾವ್ಯಳ ಮಗುವಿನ ನಾಮಕರಣಕ್ಕೆ ಎಲ್ಲರೂ ಸೇರಿದ್ದೆವು. ಊಟ ಮುಗಿಸಿ ಹರಟುತ್ತಿದ್ದಾಗ ಯಜಮಾನರು ಮತ್ತೆ ಅದೇ ಕಥೆ ತೆಗೆದರು. ಬೀಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಅತ್ತೆಯಲ್ಲ ಅವತ್ತು ಇಳೀರಿ ಅಂದಿದ್ದು. ನಾನು. ನಾಗೇಶ ಬೇಡ ಅಂದ್ರೂ ಕೇಳ್ದೆ ಇಳಿಸಿದ್ದು ನಾನು" ಎಂದೆ.

ಅತ್ತೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಎಲ್ಲರ ಕಡೆ ತಿರುಗಿದರು. "ನೋಡಿದ್ರಾ ನನ್ ಸೊಸೇನ? ನಾನು ನಗೆಪಾಟಲಾಗೋದು ನೋಡೋಕಾಗಲ್ಲ ಅವಳಿಗೆ. ನನ್ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಾವ್ಳೆ. ಇಂಥ ಸೊಸೆ ಯಾರಿಗೆ ಸಿಗ್ತಾಳೆ ಹೇಳಿ?" ಎಂದರು. ಎಲ್ಲರೂ ಅವರನ್ನೇ ನಂಬಿದರು. ಕಾವ್ಯಳ ಅತ್ತೆಯಂತೂ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. ನಾನು ಎಷ್ಟು ಹೇಳಿದರೆ ಅಷ್ಟು ಒಳ್ಳೆಯವಳಾಗುತ್ತಾ ಹೋದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆವತ್ತು ಎಲ್ಲರೂ ಇಳೀರಿ ಎಂದವಳು ನಾನೇ. ನಮ್ಮತ್ತೆಗೆ ಓದಲು ಬರುವುದಿಲ್ಲ, ಇಲ್ಲಿಗೆ ಬಂದು ಅಡ್ಡ ಮಾತಾಡಲು ಅವರಿಂದ ಆಗುವುದಿಲ್ಲ.